ಬಾಗಿಲ ಹಿಂದಿನ ಚೀಲ

ಕಳೆದ ವಾರ ಮಧ್ಯಾಹ್ನವೇ ಆಕಾಶ ಕಪ್ಪಾಗಿ ಮಳೆ ಸುರಿದು ಕರೆಂಟು ಹೋಯಿತಲ್ಲ, ಆಗ ನಿಮ್ಮಲ್ಲಿ ಚಿಕ್ಕವಳು ಅಡಿಗೆಮನೆಯ ಬಾಗಿಲ ಹಿಂದೆ ತೂಗುವ ಬಟ್ಟೆಚೀಲಕ್ಕೆ ಕೈ ಹಾಕಿ ಒಂದು ಮೇಣದಬತ್ತಿ ತೆಗೆದಳು. ಅರ್ಧ ಉರಿದು ಹಳದಿಯಾದ ಬತ್ತಿ. ಅವಳು ಕಡ್ಡಿ ಗೀರುವ ಮೊದಲೇ ನಾನು ಅದನ್ನು ಕಿತ್ತುಕೊಂಡೆ. ಅಷ್ಟು ಜೋರಾಗಿ ಕಿತ್ತುಕೊಳ್ಳುವ ಅಜ್ಜಿಯನ್ನು ಅವಳು ನೋಡಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಜಗಲಿಗೆ ಹೋಗಿ ಕೂತಳು.

ಬತ್ತಿ ನನ್ನ ಕೈಯಲ್ಲಿ ಉಳಿಯಿತು. ಮೂಗಿನ ಹತ್ತಿರ ಹಿಡಿದೆ. ಹಳೆಯ ಮೇಣದ ವಾಸನೆ, ಅದರೊಳಗೆ ಎಲ್ಲೋ ಒಣಗಿದ ಬಾಳೆನಾರಿನ ವಾಸನೆ... ಅಡಿಗೆಮನೆಯ ಕತ್ತಲಲ್ಲಿ ನಿಂತಲ್ಲಿಯೇ ನಾನು ಎಷ್ಟೋ ಹಿಂದಕ್ಕೆ ಹೋಗಿಬಿಟ್ಟೆ. ಬಾಯಿಮಾತಿನಲ್ಲಿ ವಿವರಿಸಲು ನನಗೆ ಬರುವುದಿಲ್ಲ ಎಂದು ನಿಮಗೆ ಗೊತ್ತು. ನಾವು ಮನೆಯಲ್ಲಿ ಆಡುವುದು ಕೊಂಕಣಿಯಾದರೂ ನನಗೆ ಅಕ್ಷರ ಹತ್ತಿದ್ದು ಊರಿನ ಕನ್ನಡ ಶಾಲೆಯಲ್ಲಿ. ಹಾಗಾಗಿ ಕನ್ನಡದಲ್ಲಿಯೇ ಬರೆದಿಡುತ್ತಿದ್ದೇನೆ. ಚಿಕ್ಕವಳಿಗೆ ದೊಡ್ಡವರು ಓದಿ ಹೇಳಿ.

ಆ ಬತ್ತಿ ನಮ್ಮ ನೆರೆಮನೆಯ ಮಾವ್ಶಿಯದು. ಮಾವ್ಶಿ ಎಂದರೆ ಚಿಕ್ಕಮ್ಮ. ನಮಗೆ ರಕ್ತಸಂಬಂಧ ಏನೂ ಇರಲಿಲ್ಲ. ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಮೊಣಕಾಲೆತ್ತರದ ಕೆಂಪುಕಲ್ಲಿನ ಪಾಗಾರ ಮಾತ್ರ. ಆಚೆ ಅವರ ಮಲ್ಲಿಗೆ, ಈಚೆ ನಮ್ಮ ಮಲ್ಲಿಗೆ. ಶಂಕರಪುರದ ಸುತ್ತ ಎಲ್ಲರ ಮನೆಯಲ್ಲಿಯೂ ಇದ್ದ ಹಾಗೆ. ಮೊಗ್ಗು ಮೊಗ್ಗಾಗಿರುವಾಗಲೇ, ಬೆಳಕು ಹರಿಯುವ ಮೊದಲೇ ಕೊಯ್ಯಬೇಕು. ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ, ಹೂವು ಒಯ್ಯುವವನು ಬರುವ ಹೊತ್ತಿಗೆ ಜಗಲಿಯಲ್ಲಿ ತಯಾರಾಗಿಡಬೇಕು. ಅರಳಿದ ಹೂವನ್ನು ಮಲ್ಲಿಗೆ ವ್ಯಾಪಾರದ ಕಟ್ಟೆಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಮೊಗ್ಗಿಗೆ ನಮ್ಮ ನಿದ್ದೆಯ ಲೆಕ್ಕವಿಲ್ಲ.

ದಿನವೂ ಮೊದಲು ಏಳುತ್ತಿದ್ದವರು ಮಾವ್ಶಿ. ಪಾಗಾರದ ಆಚೆಯಿಂದ ಅವರ ದನಿ ಬರುತ್ತಿತ್ತು. "ಎದ್ದಿದ್ದೀಯಾ ಬಾಯೆ?" ನಾನು ಈಚೆಯಿಂದ, "ಎದ್ದಿದ್ದೇನೆ ಮಾವ್ಶಿ." ಅಷ್ಟೇ. ನಾನು ಮದುವೆಯಾಗಿ ಬಂದ ಮಾರನೆಯ ವಾರದಿಂದ ಇದು ನಡೆದು ಬಂದಿತ್ತು. ಇಗರ್ಜಿಯಲ್ಲಿ ಫಾದರ್ ಒಮ್ಮೆ ಹತ್ತು ಕನ್ಯೆಯರ ಕಥೆ ಹೇಳಿದರು, ಮದುಮಗನನ್ನು ಕಾಯುತ್ತಾ ನಿದ್ದೆಹೋದರು, ಅವನು ಬರುವಾಗ ಐವರ ದೀಪದಲ್ಲಿ ಎಣ್ಣೆಯಿರಲಿಲ್ಲ ಎಂದು. ಹೊರಗೆ ಬಂದ ಮೇಲೆ ಮಾವ್ಶಿ ಹೇಳಿದರು, "ಆ ಐದು ಹುಡುಗಿಯರಿಗೆ ಒಂದು ಸಾಲು ಮಲ್ಲಿಗೆ ಕೊಡ್ಬೇಕಿತ್ತು. ಮತ್ತೆ ನಿದ್ದೆ ಹೇಗೆ ಬರ್ತದೆ ನೋಡ್ಬಹುದಿತ್ತು."

ಅವರಿಗೆ ಇನ್ನೊಂದು ಕೆಲಸವಿತ್ತು. ಯಾರ ಮನೆಯಲ್ಲಿಯಾದರೂ ಜೀವ ಹೋಗುವ ಹೊತ್ತು ಬಂದರೆ ಮಾವ್ಶಿಗೆ ಕರೆ ಬರುತ್ತಿತ್ತು. ಪವಿತ್ರ ತೈಲ ಹಚ್ಚುವುದು ಫಾದರ್ ಅವರ ಕೆಲಸ. ಆದರೆ ಅವರು ಬರುವ ಮೊದಲು, ಅವರು ಹೋದ ಮೇಲೆ, ಹಾಸಿಗೆಯ ಹತ್ತಿರ ಕೂತು ಕೊನೆಯ ಉಸಿರಿನವರೆಗೆ ಪ್ರಾರ್ಥನೆ ಹೇಳುವವರು ಒಬ್ಬರು ಬೇಕಲ್ಲ. ಅದು ಮಾವ್ಶಿ. ಅದಕ್ಕಾಗಿ ಅವರ ಅಡಿಗೆಮನೆಯ ಬಾಗಿಲ ಹಿಂದೆ ಒಂದು ಚೀಲ ಸದಾ ತಯಾರಿರುತ್ತಿತ್ತು. ಅದರಲ್ಲಿ ಒಂದು ಮರದ ಶಿಲುಬೆ, ಬಿಳಿಯ ಬಟ್ಟೆ, ಪವಿತ್ರ ನೀರಿನ ಸಣ್ಣ ಬಾಟಲಿ, ಫೆಬ್ರವರಿಯ ಹಬ್ಬದಲ್ಲಿ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಡುವ ಮೇಣದಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ. ಸಾಯುವವರ ಕೈಯಲ್ಲಿ ಆ ಬತ್ತಿ ಹಚ್ಚಿ ಹಿಡಿಸುವುದು ನಮ್ಮ ಕ್ರಮ.

ಶನಿವಾರ ಶನಿವಾರ ಮಾವ್ಶಿ ಚೀಲ ಇಳಿಸಿ ಒಂದು ಕಡ್ಡಿ ಗೀರಿ ನೋಡುತ್ತಿದ್ದರು. ನಮ್ಮ ಊರಿಗೆ ಸಮುದ್ರ ಹತ್ತಿರ, ಮಳೆಗಾಲದಲ್ಲಿ ಬೆಂಕಿಪೆಟ್ಟಿಗೆ ಬೇಗ ತಂಡಿ ಹಿಡಿಯುತ್ತದೆ. ಹತ್ತದಿದ್ದರೆ ಆಗಲೇ ಹೊಸ ಪೆಟ್ಟಿಗೆ. ಇಷ್ಟು ಯಾಕೆ ಎಂದು ನಾನು ಕೇಳಿದ್ದೆ. "ಮತ್ತೆಂತ ಮಾಡುವುದು? ಸ್ವರ್ಗದ ಬಾಗಿಲಲ್ಲಿ ನಿಂತು, ಸ್ವಾಮಿ, ಬೆಂಕಿಪೆಟ್ಟಿಗೆ ಚಂಡಿಯಾಗಿತ್ತು ಅಂತ ಹೇಳ್ಲಿಕ್ಕಾಗ್ತದಾ?" ಎಂದರು.

ಚೀಲದ ಹಾಗೆಯೇ ಅವರು ತಮ್ಮನ್ನೂ ತಯಾರಾಗಿ ಇಟ್ಟುಕೊಂಡಿದ್ದರು. ಬಾಯಿ ಮಾತ್ರ ಜೋರು. ಬೆಳಿಗ್ಗೆ ಯಾರಿಗಾದರೂ ಬೈದಿದ್ದರೆ ಸಂಜೆ ತೇರ್ಸ, ಅಂದರೆ ಜಪಮಾಲೆ, ಶುರುವಾಗುವ ಮೊದಲು ಅದು ಮುಗಿಯಬೇಕು. ಒಮ್ಮೆ ನಮ್ಮ ಕೋಳಿಗಳು ಅವರ ಗಿಡದ ಬುಡ ಕೆದಕಿದವು. ಬೆಳಿಗ್ಗೆ ನನಗೂ ಕೋಳಿಗೂ ಸೇರಿಸಿ ಬೈದರು. ಸಂಜೆ ಪಾಗಾರದ ಹತ್ತಿರ ನಿಂತಿದ್ದರು. "ನಿನಗೆ ಬೈದದ್ದು ವಾಪಸ್ ತೆಗೊಂಡೆ. ಕೋಳಿಗೆ ಬೈದದ್ದು ಹಾಗೆಯೇ ಉಂಟು." ಇಷ್ಟು ಹೇಳಿ ತೇರ್ಸಕ್ಕೆ ಹೋದರು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಕೊನೆಯಲ್ಲಿ ನಮ್ಮ ಕಡೆ ಒಂದು ಸುದ್ದಿ ಹಬ್ಬಿತು. ಲೋಕ ಮುಗಿಯುತ್ತದಂತೆ, ಮೂರು ದಿನ ಕತ್ತಲೆಯಂತೆ, ಆಶೀರ್ವದಿಸಿದ ಬತ್ತಿ ಮಾತ್ರ ಉರಿಯುತ್ತದಂತೆ. ಎಲ್ಲಿಂದ ಬಂತೋ. ಜನ ಕಟ್ಟು ಕಟ್ಟಾಗಿ ಬತ್ತಿ ತಂದು ಫಾದರ್ ಅವರ ಬಾಗಿಲಲ್ಲಿ ಸಾಲು ನಿಂತರು. ಇಗರ್ಜಿಯ ಎದುರು ಸೋಡಾ ಅಂಗಡಿ ಇಟ್ಟಿದ್ದ ಅಜ್ಜನಲ್ಲಿ ಬತ್ತಿ ಖಾಲಿಯಾಯಿತು. ಮಾವ್ಶಿ ಆ ದಿನಗಳಲ್ಲಿ ಕತ್ತರಿ ಹಿಡಿದು ಮಲ್ಲಿಗೆ ಸವರುತ್ತಿದ್ದರು, ಮುಂದಿನ ಹಂಗಾಮಿನ ಚಿಗುರಿಗಾಗಿ. "ನೀವು ಬತ್ತಿ ತೆಗೊಳ್ಳಲಿಲ್ವಾ?" ಎಂದು ಯಾರೋ ದಾರಿಯಲ್ಲಿ ಕೇಳಿದರು. "ಒಂದು ಉಂಟಲ್ಲ. ಕಟ್ಟುಗಟ್ಟಲೆ ಕ್ಯಾಂಡಲ್ ತಂದು ನೆರೆಮನೆಯವರ ಹತ್ತಿರ ಮಾತು ಬಿಟ್ಟವರಿಗೆ ಎಷ್ಟು ಬೆಳಕಾದೀತು?" ಎಂದು ಸವರುವುದನ್ನು ಮುಂದುವರಿಸಿದರು. ಕೇಳಿದವಳು ಬೇಗ ಬೇಗ ನಡೆದಳು. ಅವಳಿಗೆ ನೆರೆಮನೆಯಲ್ಲಿ ಮಾತಿರಲಿಲ್ಲ.

ಆ ಸೋಡಾ ಅಂಗಡಿಯ ಅಜ್ಜನದ್ದೇ ಒಂದು ಕಥೆ ಉಂಟು. ಅವರಿಗೆ ಒಮ್ಮೆ ಜ್ವರ ಏರಿ ಮಾತು ನಿಂತಿತು. ಮನೆಯವರು ಗಾಬರಿಯಿಂದ ಮಾವ್ಶಿಯನ್ನು ಕರೆದರು. ಮಾವ್ಶಿ ಬತ್ತಿ ಹಚ್ಚಿ ಕೈಯಲ್ಲಿ ಹಿಡಿಸಿ ಪ್ರಾರ್ಥನೆ ಶುರು ಮಾಡಿದರು. ಅಜ್ಜ ಕಣ್ಣು ಬಿಟ್ಟು ಬತ್ತಿಯನ್ನು ನೋಡಿ, "ಕರೆಂಟು ಹೋಯ್ತಾ?" ಎಂದು ಕೇಳಿದರು. ಆಮೇಲೆ ಎದ್ದು ಮತ್ತೆ ಅಂಗಡಿಯಲ್ಲಿ ಕೂತರು. ಮಾವ್ಶಿ ಆ ದಾರಿಯಲ್ಲಿ ಹೋದಾಗಲೆಲ್ಲ, "ಚೀಲ ತಂದಿದ್ದೀರಾ?" ಎಂದು ಕೂಗುವುದು ಅವರ ಅಭ್ಯಾಸವಾಯಿತು. ಮಾವ್ಶಿ ಮೀನಿನ ಚೀಲ ಎತ್ತಿ ತೋರಿಸಿ, "ಇವತ್ತು ಬಂಗುಡೆಗೆ. ನಿಮಗೆ ಅವಸರ ಇದ್ರೆ ಹೇಳಿ, ಮನೆಗೆ ಹೋಗಿ ಬರ್ತೇನೆ," ಎನ್ನುತ್ತಿದ್ದರು.

ಎಲ್ಲರೂ ಹಾಗೆ ನಗುತ್ತಿರಲಿಲ್ಲ. ಆ ಚೀಲ ಹೋದ ಮನೆಯಿಂದ ಹೆಣ ಹೊರಡುತ್ತದೆ ಎಂದು ಹೆದರುವವರು ಬಹಳ. ಕಾಯಿಲೆಯವರು ಹೆದರಿಕೊಳ್ಳುತ್ತಾರೆ, ಇವತ್ತು ಬೇಡ, ನಾಳೆ ಕರೆಯುವ ಎನ್ನುತ್ತಾ ಕಡೆಗೆ ಉಸಿರು ನಿಂತ ಮೇಲೆ ಓಡಿ ಬರುತ್ತಿದ್ದರು. ಅಂಥ ದಿನ ಮಾವ್ಶಿ ಊಟ ಮಾಡುತ್ತಿರಲಿಲ್ಲ. ಅವರ ಗಂಡ ಮದುವೆಯಾದ ಸ್ವಲ್ಪ ವರ್ಷಕ್ಕೇ ಬೊಂಬಾಯಿಯಲ್ಲಿ ತೀರಿಕೊಂಡಿದ್ದರಂತೆ, ಬಾಡಿಗೆ ಕೋಣೆಯಲ್ಲಿ, ಒಬ್ಬರೇ. ಒಂದೇ ಸಲ ನನ್ನ ಹತ್ತಿರ ಹೇಳಿದ್ದರು. "ಪ್ರಾರ್ಥನೆ ಬಿಡು. ಹೆಸರು ಹಿಡಿದು ಕರೆಯುವವರು ಸಹ ಇರಲಿಲ್ಲ..." ಮತ್ತೆ ಆ ಮಾತು ತೆಗೆಯಲಿಲ್ಲ.

ನಿಮ್ಮ ಅಜ್ಜನಿಗೆ ಕಾಯಿಲೆಯಾದದ್ದು ಇದರ ನಂತರ. ನಿಮ್ಮ ಅಪ್ಪ ಆಗ ನಿಟ್ಟೆಯ ಹಾಸ್ಟೆಲಿನಲ್ಲಿದ್ದ. ಅಜ್ಜನ ಅಣ್ಣ ಬಂದವರು, ಮಾವ್ಶಿಯನ್ನು ಈಗ ಕರೆಯುವುದು ಬೇಡ, ಹೆದರ್ತಾನೆ ಎಂದರು. ಹಾಸಿಗೆಯಲ್ಲಿದ್ದ ಅಜ್ಜನೇ ನನ್ನ ಕಡೆ ತಿರುಗಿ, "ಕರಿ," ಎಂದರು. ಕರೆದೆ. ನಿಮ್ಮ ಅಪ್ಪನೂ ಬಂದು ಮುಟ್ಟಿದ. ಮಾವ್ಶಿಯ ದನಿ ಆ ಕೋಣೆಯಲ್ಲಿ ಕಲ್ಲಿನ ಕಂಬದ ಹಾಗೆ ನಿಂತಿತ್ತು. ನನ್ನ ತುಟಿ ಅಲುಗಾಡುತ್ತಿತ್ತು, ದನಿ ಹೊರಡಲಿಲ್ಲ. ಅಜ್ಜನ ಮುಖದಲ್ಲಿ ಹೆದರಿಕೆ ಇರಲಿಲ್ಲ... ಅಷ್ಟು ನನಗೆ ನೆನಪುಂಟು, ಉಳಿದದ್ದು ಮಸುಕು.

ಅಜ್ಜನನ್ನು ಮಣ್ಣು ಮಾಡಿ ಕೆಲವು ದಿನ ಕಳೆದ ಮೇಲೆ ಒಂದು ಮುಂಜಾವ ಮಾವ್ಶಿ ಪಾಗಾರ ದಾಟಿ ನಾನು ಕೊಯ್ಯುತ್ತಿದ್ದ ಸಾಲಿಗೇ ಬಂದರು. "ಎಲ್ಲರಿಗೂ ನಾನು ಹೇಳಿದೆ. ನನ್ನ ಸರದಿಗೆ ಹೇಳುವವರು ಯಾರು? ನೀನು," ಎಂದರು.

ನನ್ನ ಕೈಯ ಮೊಗ್ಗು ಚೆಲ್ಲಿಹೋಯಿತು. ಶಾಲೆಯಲ್ಲಿ ಮಾಸ್ಟ್ರು ಪಾಠ ಓದಲು ಎಬ್ಬಿಸಿದರೆ ನಾನು ಅಳುತ್ತಿದ್ದೆ. ಇಗರ್ಜಿಯಲ್ಲಿ ವಾಚನಕ್ಕೆ ಹೆಸರು ಕರೆದ ದಿನ ಹಿಂದಿನ ಬಾಗಿಲಿನಿಂದ ಮನೆಗೆ ಬಂದಿದ್ದೆ. ಅದೆಲ್ಲ ಅವರಿಗೆ ಗೊತ್ತಿತ್ತು. ನನ್ನಿಂದ ಆಗುವುದಿಲ್ಲ ಮಾವ್ಶಿ ಎಂದೆ.

"ಆಗುವುದಿಲ್ಲ ಅಂತ ನನಗೂ ಗೊತ್ತುಂಟು ಮಾರಾಯ್ತಿ. ಅದಕ್ಕೇ ಇವತ್ತೇ ಶುರು ಮಾಡುವುದು."

ಕಲಿಸಿದ್ದು ಮಲ್ಲಿಗೆಯ ಸಾಲಿನಲ್ಲಿ. ಅವರು ಅವರ ಹಿತ್ತಿಲಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಕೊಯ್ಯುತ್ತಾ ಕೊಯ್ಯುತ್ತಾ ಸಾಯುವವರ ಪ್ರಾರ್ಥನೆಯನ್ನು ನಾನು ಹೇಳಬೇಕು. ಪುಸ್ತಕ ಕೂಡದು; ಬತ್ತಿ ಹಿಡಿದ ಕೈಯಲ್ಲಿ ಪುಸ್ತಕ ಹಿಡಿಯಲಾಗುವುದಿಲ್ಲವಲ್ಲ. ನಾನು ಗುನುಗುತ್ತಿದ್ದೆ. ಆಚೆಯಿಂದ, "ಕೇಳಿಸಲಿಲ್ಲ." ಮತ್ತೆ ಹೇಳಿದರೆ, "ಕೇಳಿಸಲಿಲ್ಲ. ಗಿಡಕ್ಕೇ ಕೇಳಿಸಲಿಲ್ಲ, ಸಾಯುವವಳಿಗೆ ಕೇಳಿಸ್ತದಾ? ಕಣ್ಣು ಹೋಗ್ತದೆ, ಮಾತು ಹೋಗ್ತದೆ, ಕಿವಿ ಕಡೆಗೆ ಹೋಗುವುದು. ಕಿವಿಗೆ ಮುಟ್ಟಿಸು." ಒಂದು ಮಳೆಗಾಲ ಹೋಯಿತು, ಇನ್ನೊಂದು ಹೋಯಿತು. ನನ್ನ ದನಿ ಸಾಲಿನ ನಡುವಿನವರೆಗೆ ಬಂದು ಅಲ್ಲಿಯೇ ಬಿದ್ದುಹೋಗುತ್ತಿತ್ತು.

ಆಮೇಲೆ ಅವರು ನನ್ನನ್ನು ಜೊತೆಗೆ ಕರೆದೊಯ್ಯತೊಡಗಿದರು, ಚೀಲ ಹಿಡಿಯಲು ಎಂಬ ನೆಪ. ಕಾಪುವಿನಲ್ಲಿ ಕಡಲಿಗೆ ಹತ್ತಿರದ ಒಂದು ಮನೆಯಲ್ಲಿ ಮುದುಕಿಯೊಬ್ಬರ ಹತ್ತಿರ ಕೂತಿದ್ದೆವು. ಪ್ರಾರ್ಥನೆಯ ನಡುವೆ ಮಾವ್ಶಿ ನಿಲ್ಲಿಸಿಬಿಟ್ಟರು. ಮರೆತರೇನೋ ಎಂದು ನೋಡಿದರೆ ನನ್ನನ್ನೇ ನೋಡುತ್ತಿದ್ದಾರೆ. ಕೋಣೆಯಲ್ಲಿ ಸಮುದ್ರದ ಸದ್ದು ಬಿಟ್ಟರೆ ಏನೂ ಇಲ್ಲ. ಮುದುಕಿಯ ಬೆರಳು ಚಾದರದ ಮೇಲೆ ಹುಡುಕಾಡಿತು, ಯಾಕೆ ನಿಂತಿತು ಎಂದು ಕೇಳುವ ಹಾಗೆ. ಆ ಬೆರಳು ನೋಡಿ ನಾನು ಮುಂದಿನ ಸಾಲು ಹೇಳಿದೆ. ಬೆರಳು ಸುಮ್ಮನಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಮಾವ್ಶಿ ಹೇಳಿದ್ದು ಇಷ್ಟೇ. "ಅವರಿಗೆ ಕೇಳಿಸಿತು. ನನಗೆ ಅರ್ಧ ಕೇಳಿಸಿತು."

ಮರುವರ್ಷ ಮಾವ್ಶಿಯೇ ಕಾಯಿಲೆ ಬಿದ್ದರು. ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದರು. ನಾನು ಬಸ್ಸು ಹಿಡಿದು ನೋಡಲು ಹೋದಾಗ ಅವರಿಗೆ ಒಂದೇ ಚಿಂತೆ. "ಶನಿವಾರ ಕಡ್ಡಿ ಗೀರಿದೆಯಾ?" ಗೀರಿದೆ ಎಂದೆ. ಹೊಸ ಪೆಟ್ಟಿಗೆ ಹಾಕಿದ್ದೇನೆ ಎಂದೆ. ಡಾಕ್ಟರು ಇನ್ನು ಮನೆಯಲ್ಲಿಯೇ ನೋಡಿಕೊಳ್ಳಿ ಎಂದ ಮೇಲೆ ಕರೆತಂದರು. ಮಾವ್ಶಿಯ ಅಣ್ಣನ ಮಗಳು, ಕಾರ್ಕಳದವಳು, ಮನೆಯಲ್ಲಿ ನಿಂತು ನೋಡಿಕೊಂಡಳು. ಒಳ್ಳೆಯ ಹೆಣ್ಣು, ಹಗಲೂ ಇರುಳೂ ಚಾಕರಿ ಮಾಡಿದಳು. ಆದರೆ ಸಾವಿನ ಮಾತು ಅವಳಿಗೆ ಆಗದು. ಫಾದರ್ ಬಂದು ಪವಿತ್ರ ತೈಲ ಹಚ್ಚಿ ಹೋದ ದಿನವೂ, ಗುಣವಾಗಲಿಕ್ಕೆ ಹಚ್ಚಿದ್ದು ಎಂದು ಎಲ್ಲರಿಗೂ ಹೇಳಿದಳು.

ಮಲಗಿದಲ್ಲಿಂದಲೂ ಮಾವ್ಶಿ ಬೆಳಿಗ್ಗೆ ಕಿಟಕಿಯ ಮೂಲಕ ಕೇಳುತ್ತಿದ್ದರು, "ಎದ್ದಿದ್ದೀಯಾ?" ದನಿ ದಿನದಿಂದ ದಿನಕ್ಕೆ ಸಣ್ಣದಾಯಿತು. ನನ್ನ ಉತ್ತರ ಅಷ್ಟಷ್ಟು ದೊಡ್ಡದಾಗಬೇಕಾಯಿತು.

ಆ ದಿನ ಆ ಕರೆ ಬರಲಿಲ್ಲ. ನಾನು ಕೊಯ್ದು ಮುಗಿಸಿದೆ, ಬರಲಿಲ್ಲ. ನಿದ್ದೆ ಹತ್ತಿರಬಹುದು ಎಂದುಕೊಂಡು ಜಗಲಿಯಲ್ಲಿ ಹೂವು ಕಟ್ಟಲು ಕೂತೆ. ಮದುವೆಗಳ ಕಾಲ, ಒದ್ದೆ ಬಟ್ಟೆಯ ಮೇಲೆ ಮೊಗ್ಗಿನ ರಾಶಿ. ಎದುರುಮನೆಯ ತುಳು ಮಾತಾಡುವವರ ಸೊಸೆ ನನ್ನ ಜೊತೆ ಕಟ್ಟಲು ಬರುತ್ತಿದ್ದಳು. ನಾಲ್ಕು ಮೊಗ್ಗು ಹಿಡಿದು ನಾರು ಸುತ್ತುವಾಗ ನನ್ನ ಕೈ ನಿಂತಿತು. ಪಾಗಾರದ ಆಚೆ ತುಂಬ ನಿಶ್ಶಬ್ದ. ಎದ್ದೆ.

"ಈ ಚೆಂಡು ಒಂದು ಮುಗಿಸಿ ಹೋಗಿ ಬಾಯಮ್ಮ. ಹೂವಿನವನು ಈಗ ಬರ್ತಾನಲ್ಲ," ಎಂದಳು ಅವಳು.

ನಾನು ನಾರನ್ನು ಕೆಳಗಿಟ್ಟೆ. ಸೀರೆಗೆ ಕೈ ಒರೆಸಿಕೊಂಡು ಪಾಗಾರ ದಾಟಿದೆ.

ಕಾರ್ಕಳದವಳು ಬಾಗಿಲಲ್ಲಿಯೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. "ಈಗ ಬೇಡ ಆಂಟಿ. ಉಸಿರು ಒಂಥರಾ ಮಾಡ್ತಿದ್ದಾರೆ. ನೀವು ಬಂದು ಪ್ರಾರ್ಥನೆ ಶುರು ಮಾಡಿದ್ರೆ ಹೆದರಿಬಿಡ್ತಾರೆ."

ನಾನು ಒಳಗೆ ನೋಡಿದೆ. ಅಡಿಗೆಮನೆಯ ಬಾಗಿಲ ಹಿಂದಿನ ಮೊಳೆ ಖಾಲಿ. ಚೀಲ ಇಲ್ಲ. ಮಾವ್ಶಿ ತಮ್ಮ ಗಂಡನ ವಿಷಯ ಹೇಳಿದ ಆ ಒಂದೇ ಸಂಜೆ ನನ್ನ ಕಣ್ಣ ಮುಂದೆ ಬಂತು. ಬಾಡಿಗೆ ಕೋಣೆ, ಯಾರೂ ಇಲ್ಲ... ಎಲ್ಲರಿಗೂ ಬತ್ತಿ ಹಿಡಿದವರು ಹಾಗೆ ಹೋಗಬಾರದು. ನನ್ನ ಎದೆಯಲ್ಲಿ ಏನೋ ನೆಟ್ಟಗೆ ನಿಂತಿತು.

"ಅವರು ಹೆದರುವವರಲ್ಲ. ಚೀಲ ಎಲ್ಲಿ ಉಂಟು? ತಾ," ಎಂದೆ.

ಆ ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಆಗ ಒಳಗಿನ ಹಾಸಿಗೆಯಿಂದ, ಉಸಿರಿನ ನಡುವೆ, ಎಳೆಯಷ್ಟು ಸಣ್ಣ ಮಾತು ಬಂತು.

"ಈಗ ಕೇಳಿಸಿತು."

ಹುಡುಗಿ ಅಲ್ಲಿಯೇ ಕುಸಿದು ಅತ್ತಳು. ಮತ್ತೆ ಎದ್ದು, ಹಿಂದಿನ ದಿನ ಅಡಗಿಸಿಟ್ಟಿದ್ದ ಚೀಲವನ್ನು ಅಕ್ಕಿಯ ಡ್ರಮ್ಮಿನ ಹಿಂದಿನಿಂದ ತಂದಳು. ಕಡ್ಡಿ ಗೀರಿದ್ದು ಅವಳೇ, ನಾನು ಹೇಳಿದ್ದರಿಂದ. ಮೊದಲ ಗೀರಿಗೇ ಹತ್ತಿತು. ಬತ್ತಿಯನ್ನು ಮಾವ್ಶಿಯ ಕೈಯಲ್ಲಿ ಇಟ್ಟು, ಆ ಕೈಯ ಮೇಲೆ ಹುಡುಗಿಯ ಕೈ ಇಟ್ಟು, ನಾನು ಶುರು ಮಾಡಿದೆ. ಸುದ್ದಿ ಹಬ್ಬಿ ಜನ ಬಂದರು. ಜಗಲಿ ತುಂಬಿತು, ಕಿಟಕಿಯಲ್ಲಿ ತಲೆಗಳು. ನಾನು ಯಾರನ್ನೂ ನೋಡಲಿಲ್ಲ. ಮಲ್ಲಿಗೆ ಸಾಲಿನ ಆ ತುದಿಯಲ್ಲಿ ಮಾವ್ಶಿ ನಿಂತಿದ್ದಾರೆ, ಅಲ್ಲಿಗೆ ಮುಟ್ಟಬೇಕು ಎಂದುಕೊಂಡು ಹೇಳಿದೆ. ದನಿ ನಡುವೆ ಎಲ್ಲಿಯೂ ಬೀಳಲಿಲ್ಲ. ಅವರ ತುಟಿ ಸ್ವಲ್ಪ ಹೊತ್ತು ನನ್ನ ಜೊತೆ ಅಲುಗಿತು. ನಾನು ಒಂದು ಕಡೆ ಸಾಲು ತಪ್ಪಿದಾಗ ಹುಬ್ಬು ಗಂಟಿಕ್ಕಿದ್ದೂ ಉಂಟು. ಸರಿಪಡಿಸಿ ಮುಂದೆ ಹೋದೆ. ಮಧ್ಯಾಹ್ನದ ಅಂಜೆಲಸ್ ಗಂಟೆ ಇಗರ್ಜಿಯಲ್ಲಿ ಬಾರಿಸುವಾಗ... ಅವರು ಹೋಗಿದ್ದರು. ಬತ್ತಿ ಅರ್ಧ ಉರಿದಿತ್ತು. ನಾನೇ ಆರಿಸಿದೆ.

ಸಂಜೆ ಮನೆಗೆ ಬಂದಾಗ ಜಗಲಿಯಿಡೀ ಪರಿಮಳ. ಕಟ್ಟದೆ ಬಿಟ್ಟ ಮೊಗ್ಗೆಲ್ಲ ಒದ್ದೆ ಬಟ್ಟೆಯ ಮೇಲೆ ಅರಳಿ ಕೂತಿತ್ತು. ಎದುರುಮನೆಯ ಸೊಸೆ ಹೋಗಿರಲಿಲ್ಲ. ಕಟ್ಟೆಗೆ ಬಾರದ ಆ ಹೂವನ್ನೇ ಉದ್ದಕ್ಕೆ ಕಟ್ಟುತ್ತಾ ಕೂತಿದ್ದಳು. "ಇದು ಅವರಿಗೆ," ಎಂದಳು. ಮರುದಿನ ಪೆಟ್ಟಿಗೆಯಲ್ಲಿ ಮಾವ್ಶಿಯನ್ನು ಮಲಗಿಸಿದಾಗ ಅವರ ಮೇಲಿದ್ದದ್ದು ಆ ಹೂವು. ಜೀವಮಾನವಿಡೀ ಮೊಗ್ಗನ್ನೇ ಕೊಯ್ದವರಿಗೆ ಪೂರ್ತಿ ಅರಳಿದ ಮಲ್ಲಿಗೆ.

ಗುಂಡಿಗೆ ಮಣ್ಣು ಹಾಕಿ ಹೊರಬರುವಾಗ ಸೋಡಾ ಅಂಗಡಿಯ ಅಜ್ಜ ಕೋಲೂರಿ ನನ್ನ ಹತ್ತಿರ ಬಂದರು. "ನನ್ನನ್ನು ಕಳಿಸಿ ಕೊಡ್ಲಿಕ್ಕೆ ಬಂದವರು ಮೊದಲು ಹೋದ್ರು. ಸರಿಯಾಗಲಿಲ್ಲ ಇದು. ಇನ್ನು ನನಗೆ ಯಾರುಂಟು?" ತಮಾಷೆಯ ಹಾಗೆ ಕೇಳಿದರು, ಕಣ್ಣು ತಮಾಷೆ ಮಾಡುತ್ತಿರಲಿಲ್ಲ.

"ನಾನಿದ್ದೇನೆ," ಎಂದೆ. ಆ ಮಳೆಗಾಲ ಕಳೆದ ಮೇಲೆ ಅವರ ಮನೆಗೂ ಹೋದೆ, ಚೀಲ ಹಿಡಿದುಕೊಂಡು. ಆಮೇಲೆ ಎಷ್ಟೋ ಮನೆಗಳಿಗೆ.

ಮಕ್ಕಳೇ, ಚೀಲದಲ್ಲಿ ನಾನು ಪ್ರತಿ ಫೆಬ್ರವರಿಯಲ್ಲಿ ಹೊಸ ಬತ್ತಿ ಇಡುತ್ತೇನೆ. ಹಳೆಯ ಅರ್ಧ ಬತ್ತಿಯನ್ನು ಮಾತ್ರ ತೆಗೆದಿಲ್ಲ. ಅದು ನನ್ನ ಸರದಿಗೆ. ಹೆದರಬೇಡಿ, ನನಗೆ ಅವಸರವೇನೂ ಇಲ್ಲ. ಹೊಸ ಗಿಡ ಮೊನ್ನೆಯಷ್ಟೇ ನೆಟ್ಟಿದ್ದೇನೆ. ಆದರೆ ಸ್ವಾಮಿ ಬರುವ ಹೊತ್ತು ಯಾರಿಗೂ ಗೊತ್ತಿಲ್ಲ ಎಂದು ಇಗರ್ಜಿಯಲ್ಲಿ ಕೇಳಿ ಮನೆಗೆ ಬಂದು ಮರೆಯುವುದು ಬೇಡ. ಜಗಳವನ್ನು ಸಂಜೆಯೊಳಗೆ ಮುಗಿಸಿ. ಮತ್ತು ಚಿಕ್ಕವಳಿಗೆ ಹೇಳಿ, ಅಜ್ಜಿ ಕಿತ್ತುಕೊಂಡದ್ದು ವಾಪಸ್ ತೆಗೆದುಕೊಂಡಿದ್ದಾಳೆ ಎಂದು. ಬರುವ ಶನಿವಾರದಿಂದ ಕಡ್ಡಿ ಗೀರಿ ನೋಡುವ ಕೆಲಸ ಅವಳದು.

ಮಾವ್ಶಿಯ ಹಿತ್ತಿಲು ಈಗ ಬೇರೆಯವರದು. ಮಲ್ಲಿಗೆ ಇಲ್ಲ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದಾರೆ, ಪಾಗಾರ ನನ್ನ ತಲೆಗಿಂತ ಎತ್ತರ. ಬೆಳಿಗ್ಗೆ ಹೂವು ಕೊಯ್ಯಲು ಇಳಿದಾಗ ಆಚೆಯಿಂದ ಯಾರೂ ಏನೂ ಕೇಳುವುದಿಲ್ಲ. ಇಷ್ಟು ವರ್ಷವಾದರೂ ಆ ಮೌನ ನನಗೆ ಅಭ್ಯಾಸವಾಗಿಲ್ಲ... ನಾನು ಬುಟ್ಟಿ ಕೆಳಗಿಟ್ಟು ಆ ಕಡೆ ತಿರುಗಿ, ಎದ್ದಿದ್ದೇನೆ ಮಾವ್ಶಿ ಎನ್ನುತ್ತೇನೆ. ಸಾಲಿನ ಆ ತುದಿಗೆ ಕೇಳಿಸುವ ಹಾಗೆ.